ಉಡಿಯೊಳಗಿನ ಗುಳಿಗೆ

ದಾಂಡೇಲಿ
೧೦ ಆಗಸ್ಟ್ ೧೯೬೨

ತಂಗಿ ಶಂಕ್ರವ್ವಗೆ ಅಕ್ಕನ ಆಶೀರ್ವಾದ.

ನೀನು ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಅವ್ವ ತೀರಿಕೊಂಡ ಮೇಲೆ ನಿನಗೆ ತವರು ಅಂದರೆ ಕಾಗದದ ಕಾರ್ಖಾನೆಯ ಕಾಲನಿಯ ಈ ಎರಡು ಖೋಲಿಯೇ. ಅದರಲ್ಲೇ ಪಂಚಮಿಗೆ ಹಾಲೆರೆದು, ತೊಲೆಗೆ ಜೋಕಾಲಿ ಕಟ್ಟಿ ಆಡಿದೆವಲ್ಲ, ನನಗೆ ಅಷ್ಟು ಸಾಕು. ಮಾಲವ್ವ ಇನ್ನೂ ಜೋಕಾಲಿ ಬಿಚ್ಚಗೊಡುತ್ತಿಲ್ಲ. ಹತ್ತು ದಿನದ ಹಿಂದೆ ಗಂಟಲು ಬಾತು, ಮೈ ಸುಡುತ್ತ ಮಲಗಿದ್ದ ಹುಡುಗಿ ಇವಳೇನಾ ಅನ್ನಿಸುತ್ತದೆ.

ಹೊರಡುವಾಗ ನಾನು ತುಂಬಿದ ಉಡಿ ಬಿಚ್ಚಿದೆಯಾ? ಅಕ್ಕಿ, ಕೊಬ್ಬರಿ, ಅಡಿಕೆ, ಬೆಲ್ಲದ ಕೆಳಗೆ ಒಂದು ಕಾಗದದ ಪುಡಿಕೆ ಇದೆ. ಏನೋ ಕಸ ಅಂತ ಎಸೆದುಬಿಟ್ಟೀಯೆ. ಅದು ಮಾಲವ್ವಗೆ ದವಾಖಾನೆಯಲ್ಲಿ ಕೊಟ್ಟ ಗುಳಿಗೆ. ದಿನಕ್ಕೆ ನಾಲ್ಕರಂತೆ ಹತ್ತು ದಿನಕ್ಕೆ ನಲವತ್ತು ಕೊಟ್ಟಿದ್ದರು. ನಾಲ್ಕನೇ ದಿನಕ್ಕೇ ಜ್ವರ ಬಿಟ್ಟಿತು, ಗಂಟಲು ಇಳಿಯಿತು, ರೊಟ್ಟಿ ಕೇಳಿ ತಿಂದಳು. ಚೆನ್ನಾಗಿರುವ ಮಗುವಿನ ಬಾಯಿಗೆ ಔಷಧ ಯಾಕೆ ತುರುಕಬೇಕು ಹೇಳು? ಉಳಿದ ಇಪ್ಪತ್ತನಾಲ್ಕನ್ನು ಎತ್ತಿಟ್ಟೆ. ನಿನ್ನ ಈಶಪ್ಪನ ಗಂಟಲೂ ತಿಂಗಳಿಗೊಮ್ಮೆ ಕೆಡುತ್ತದೆ, ನಿಮ್ಮ ಊರಿಂದ ಡಾಕ್ಟರ ಹತ್ತಿರ ಹೋಗಬೇಕೆಂದರೆ ಗಾಡಿ ಕಟ್ಟಬೇಕು. ನನ್ನ ಮಗಳಿಗೆ ಹಿಡಿಸಿದ್ದು ನಿನ್ನ ಮಗನಿಗೆ ಹಿಡಿಸದೇ? ಅವನು ಮೂರೂವರೆ ವರ್ಷದವನು, ಅರ್ಧ ಮುರಿದು ಹಾಲಿನಲ್ಲಿ ಅರೆದು ಕುಡಿಸು. ಜ್ವರ ಬಿಟ್ಟ ದಿನ ನಿಲ್ಲಿಸು.

ನಮ್ಮವರು ಕೇಳಿ ನಕ್ಕರು. "ಮಂದಿ ತಂಗಿ ಉಡ್ಯಾಗ ಅಕ್ಕಿ ಹಾಕ್ತಾರ, ನೀ ದವಾಖಾನಿನ ಹಾಕಿ ಕಳಸೀದಿ" ಅಂದರು. ನಗಲಿ. ನಿಮ್ಮ ಅತ್ತೆಯವರಿಗೆ ಶರಣು ಹೇಳು.

ನಿನ್ನ ಅಕ್ಕ
ನೀಲಕ್ಕ


ಕೆರೆಕೊಪ್ಪ, ಮುಂಡಗೋಡದ ಹತ್ತಿರ
೧೭ ಆಗಸ್ಟ್ ೧೯೬೨

ನೀಲಕ್ಕಗೆ ಶಂಕ್ರವ್ವನ ಶರಣು.

ನಿನ್ನ ಕಾಗದ ಬರುವುದಕ್ಕೆ ಮೊದಲೇ ಅತ್ತೆ ಉಡಿ ಬಿಚ್ಚಿ ನೋಡಿದ್ದರು. ಪುಡಿಕೆ ಏನೆಂದು ಕೇಳಿದಾಗ ನನಗೂ ತಿಳಿಯಲಿಲ್ಲ. ಈಗ ಹೇಳಿದೆ. ಅವರು ಅದನ್ನು ಕೊಬ್ಬರಿ ಬಟ್ಟಲಿನ ಜೊತೆಗೇ ದೇವರ ಜಗಲಿಯ ಮೇಲೆ ಇಟ್ಟಿದ್ದಾರೆ. ಈ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಉಡಿಗೆ ಬಿದ್ದದ್ದನ್ನು ತಿರುಗಿ ಕೊಡುವ ಹಾಗಿಲ್ಲ, ಜಗಲಿಗೆ ಏರಿದ್ದನ್ನು ಸೋಮವಾರದ ಪೂಜೆ ಆಗದೆ ಕೆಳಗಿಳಿಸುವ ಹಾಗಿಲ್ಲ.

ಗುಳಿಗೆ ಕಳಿಸಿದ್ದು ಬಹಳ ಒಳ್ಳೆಯದಾಯಿತು ಅಕ್ಕಾ. ನಿನಗೆ ಹೇಳಿರಲಿಲ್ಲ, ಹೋದ ವರ್ಷ ಇವನಿಗೆ ಗಂಟಲು ಬಂದಾಗ ಮುಂಡಗೋಡದಲ್ಲಿ ಸೂಜಿ ಹಾಕಿಸಿದ್ದೆವು. ಗಾಡಿಯಲ್ಲಿ ಊರಿಗೆ ಬರುವಾಗ ಅರ್ಧ ದಾರಿಗೆ ಮೈತುಂಬ ಗಂಧೆ ಎದ್ದು, ತುಟಿ ಬಾತುಕೊಂಡವು. ಗಾಡಿ ಹಿಂದಕ್ಕೆ ತಿರುಗಿಸೋಣ ಎಂದೆ. ಅತ್ತೆ ಬೇಡವೆಂದರು, ಮುಂಜಾನೆ ಬದನೆಕಾಯಿ ತಿಂದಿದ್ದ, ಪಿತ್ತ ಎಂದರು. ಸಂಜೆಗೆ ಇಳಿಯಿತು. ಅಂದಿನಿಂದ ಬಿಳಿ ಅಂಗಿ ತೊಟ್ಟವರನ್ನು ಕಂಡರೆ ಇವನು ಕಣಜದ ಹಿಂದೆ ಅಡಗುತ್ತಾನೆ. ಗುಳಿಗೆಯಾದರೆ ಸೂಜಿಯ ಹೆದರಿಕೆ ಇಲ್ಲ.

ಮಾಲವ್ವ ಜೋಕಾಲಿಯಿಂದ ಬಿದ್ದಾಳು, ಬಿಚ್ಚಿ ಒಳಗಿಡು.

ಶಂಕ್ರವ್ವ


ಕೆರೆಕೊಪ್ಪ
೨೪ ಆಗಸ್ಟ್ ೧೯೬೨

ಅಕ್ಕಾ,

ಕಾರ್ಡಿನಲ್ಲಿ ಜಾಗವಿಲ್ಲ, ಎರಡೇ ಸಾಲು. ನಿನ್ನೆಯಿಂದ ಈಶಪ್ಪಗೆ ಗಂಟಲು. ನೀರೂ ಇಳಿಯುತ್ತಿಲ್ಲ, ಮೈ ಸುಡುತ್ತಿದೆ. ಇವರು ಗಾಡಿ ಕಟ್ಟುತ್ತೇನೆಂದರು, ಮನೆಯಲ್ಲೇ ಔಷಧ ಇರುವಾಗ ಯಾಕೆ ಎಂದು ನಾನೇ ಬೇಡವೆಂದೆ. ಸೋಮವಾರ ಶ್ರಾವಣದ ಕಡೆಯ ಪೂಜೆ, ಅದು ಮುಗಿದ ಮೇಲೆ ಶುರು ಮಾಡು ಎಂದು ಅತ್ತೆ ಹೇಳಿದ್ದಾರೆ. ಅರ್ಧವೇ ಕೊಡಲೋ, ಜ್ವರ ಜೋರಾಗಿದೆ ಎಂದು ಇಡೀ ಕೊಡಲೋ? ಬೇಗ ಬರೆ.

ಶಂಕ್ರವ್ವ


ದಾಂಡೇಲಿ
೨೫ ಆಗಸ್ಟ್ ೧೯೬೨

ತಂಗೀ,

ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವುದು ರೂಢಿ. ಇವತ್ತು ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಮೊದಲು ಇದನ್ನು ಓದು, ಉಳಿದದ್ದನ್ನು ಆಮೇಲೆ ಓದು: ನಾನು ಕಳಿಸಿದ ಗುಳಿಗೆಯನ್ನು ಈಶಪ್ಪನ ಬಾಯಿಗೆ ಹಾಕಬೇಡ. ಅರ್ಧವೂ ಬೇಡ, ಚೂರೂ ಬೇಡ.

ಮಂಗಳವಾರ ಮಾಲವ್ವ ಹಾಸಿಗೆಯಿಂದ ಏಳಲಿಲ್ಲ. ಮೊಣಕಾಲು ಬಾತು ಕೆಂಪಾಗಿದ್ದವು. ಜೋಕಾಲಿಯಿಂದ ಬಿದ್ದು ನನ್ನ ಮುಂದೆ ಮುಚ್ಚಿಟ್ಟಿದ್ದಾಳೆ ಎಂದು ಬೈದೆ. ಬುಧವಾರ ಕಾಲಿನ ಬಾವು ಇಳಿದು ಮೊಣಕೈಗೆ ಬಂತು. ಹೊದಿಕೆ ತಾಗಿದರೂ ಚೀರುತ್ತಾಳೆ. ನಮ್ಮವರು ಹೊತ್ತುಕೊಂಡು ದವಾಖಾನೆಗೆ ನಡೆದರು, ನಾನು ಹಿಂದೆ ಓಡಿದೆ.

ಡಾಕ್ಟರು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ಕೇಳುವಂಥದ್ದು ಏನಿದೆ ಎಂದು ಅವರ ಮುಖವನ್ನೇ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ, ಹೋದ ತಿಂಗಳ ಗುಳಿಗೆ ಎಷ್ಟು ದಿನ ಕೊಟ್ರಿ ಅಂದರು. ನಾಲ್ಕು ಅಂದೆ. ಹತ್ತು ದಿನ ಅಂತ ಬರೆದುಕೊಟ್ಟಿದ್ದೆನಲ್ಲ ಅಂದರು. ಜ್ವರ ಬಿಟ್ಟಿತ್ತಲ್ಲ, ಅದಕ್ಕೇ ನಿಲ್ಲಿಸಿದೆ ಅಂದೆ.

"ಜ್ವರ ಇಳದ್ರ ರೋಗ ಸತ್ತೈತಿ ಅಂತಲ್ಲರಿ. ಗಂಟಲಾಗ ಅದು ಇನ್ನೂ ಉಳದಿತ್ತು" ಅಂದರು.

ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದರು. ಉಳಿದ ರೋಗಾಣುಗಳ ಮೇಲೆ ಸಿಟ್ಟಿಗೆದ್ದ ಮೈ ತನ್ನ ಕೀಲುಗಳ ಮೇಲೆಯೇ, ತನ್ನ ಹೃದಯದ ಮೇಲೆಯೇ ಬೀಳುತ್ತದಂತೆ. ಕೀಲು ಸರಿಹೋಗುತ್ತವೆ, ಹೃದಯದಲ್ಲಿ ಒಂದು ಸದ್ದು ಕೇಳುತ್ತಿದೆ, ಅದು ಹೋಗುತ್ತದೋ ಉಳಿಯುತ್ತದೋ ಈಗ ಹೇಳಲಾರೆ ಅಂದರು. ಏಳು ವರ್ಷದ ಹುಡುಗಿಯ ಹೃದಯ, ಶಂಕ್ರವ್ವ. ನಾನು ಇಪ್ಪತ್ತನಾಲ್ಕು ಗುಳಿಗೆ ಉಳಿಸಿದೆ ಎಂದು ಹಿಗ್ಗಿದ್ದೆ.

ಉಳಿದದ್ದು ಎಲ್ಲಿ ಎಂದು ಕೇಳಿದಾಗ ನಿನ್ನ ಉಡಿಯ ಸುದ್ದಿ ಹೇಳಿದೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಲ್ಲ, ಮಗುವಿನ ತೂಕ ನೋಡಿ, ಯಾವ ರೋಗ ಎಂದು ನೋಡಿ ಕೊಡುವ ಔಷಧ ಇದು ಅಂದರು. ಆ ಹುಡುಗನಿಗೆ ಮೊದಲು ಯಾವಾಗಲಾದರೂ ಸೂಜಿ ಹಾಕಿ ಮೈಮೇಲೆ ಏನಾದರೂ ಎದ್ದಿತ್ತೇ ಎಂದು ಕೇಳಿದರು. ನನಗೆ ನಿನ್ನ ಕಾಗದದ ಗಂಧೆ, ಬಾತ ತುಟಿ ನೆನಪಾದವು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಗಂಟಲಿಗೆ ಹಾಕಿದ ಸೂಜಿ ಎಂದರೆ ಬಹುತೇಕ ಪೆನಿಸಿಲಿನ್ನೇ, ಈ ಗುಳಿಗೆಯೂ ಅದೇ. ಸೂಜಿಯಲ್ಲಿ ಹೋದರೇನು, ಬಾಯಲ್ಲಿ ಹೋದರೇನು. ಮೊದಲ ಸಲ ಗಂಧೆ ಎದ್ದವನಿಗೆ ಎರಡನೇ ಸಲ ಉಸಿರೇ ನಿಲ್ಲಬಹುದು ಅಂದರು.

ನಿನಗೆ ಇನ್ನೂ ಅದರ ಅವಶ್ಯಕತೆ ಬಿದ್ದಿಲ್ಲ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ಪುಡಿಕೆ ಜಗಲಿಯ ಮೇಲೆ ಇರಲಿ, ಯಾರೂ ಮುಟ್ಟುವುದು ಬೇಡ. ಓದಿದ ಕೂಡಲೇ ಒಂದು ಕಾರ್ಡು ಹಾಕು.

ನೀಲಕ್ಕ


ದಾಂಡೇಲಿ
೨೭ ಆಗಸ್ಟ್ ೧೯೬೨, ಸೋಮವಾರ

ಶಂಕ್ರವ್ವಾ,

ನಿನ್ನ ಕಾರ್ಡು ಈಗ ಬಂತು. ಸೋಮವಾರ ಅಂದರೆ ಇವತ್ತು. ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ನಿಮ್ಮಲ್ಲಿ? ಈಗ ಹನ್ನೊಂದು ಗಂಟೆ. ಶನಿವಾರದ ನನ್ನ ಕಾಗದ ಎಲ್ಲಿದೆಯೋ, ಹಳಿಯಾಳದ ಚೀಲದಲ್ಲೋ, ಯಾವ ಬಸ್ಸಿನ ನೆತ್ತಿಯ ಮೇಲೋ.

ನಮ್ಮವರು ಪಾಳಿ ಬಿಟ್ಟು ತಂತಿ ಕೊಡಲು ಅಂಚೆ ಕಚೇರಿಗೆ ಓಡಿದ್ದಾರೆ. ತಾನೇ ಹೊರಡುತ್ತೇನೆಂದರು, ಕಲಘಟಗಿಯ ಆಚೆ ಹಳ್ಳ ತುಂಬಿ ಬಸ್ಸು ನಿಂತಿವೆಯಂತೆ. ತಂತಿ ಮುಂಡಗೋಡದವರೆಗೆ ಇವತ್ತೇ ಹೋದೀತು. ಅಲ್ಲಿಂದ ನಿಮ್ಮ ಊರಿಗೆ ಒಬ್ಬ ಮನುಷ್ಯ ನಡೆದು ಬರಬೇಕು, ಈ ಮಳೆಯಲ್ಲಿ.

ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ತಲೆ ಕೆಡುತ್ತದೆ. ಅರ್ಧ ಕೊಡು, ಹಾಲಿನಲ್ಲಿ ಅರೆದು ಕೊಡು ಎಂದು ಹೇಳಿದವಳು ನಾನೇ. ದೊಡ್ಡ ಡಾಕ್ಟರಮ್ಮನ ಹಾಗೆ. ಮುಲ್ಕಿ ಪರೀಕ್ಷೆ ಪಾಸಾದ ಜಂಬ ಇದು.

ದೇವರೇ, ಇವತ್ತು ಅವರ ಮನೆಯ ಪೂಜೆ ತಡವಾಗಲಿ.

ನೀಲಕ್ಕ


ಕೆರೆಕೊಪ್ಪ
೩೦ ಆಗಸ್ಟ್ ೧೯೬೨

ನೀಲಕ್ಕಗೆ ಶರಣು.

ಮಂಗಳವಾರ ಮಧ್ಯಾಹ್ನ ತಂತಿ ಬಂತು. ತಂತಿ ಎಂದ ಕೂಡಲೇ ಅತ್ತೆ ಎದೆ ಬಡಿದುಕೊಂಡು ಅತ್ತರು, ಓಣಿಯವರೆಲ್ಲ ಸೇರಿದರು. ಸೋಮಪ್ಪ ಮಾಸ್ತರರು ಬಂದು ಓದಿ, ಗುಳಿಗೆ ಕೊಡಬೇಡ ಎಂದಷ್ಟೇ ಇದೆ, ಯಾರೂ ಸತ್ತಿಲ್ಲ ಎಂದ ಮೇಲೆ ಸುಮ್ಮನಾದರು. ನಿನ್ನ ಎರಡು ಕಾಗದವೂ ಬಂದವು.

ಈಶಪ್ಪ ಚೆನ್ನಾಗಿದ್ದಾನೆ. ಗುಳಿಗೆ ಕೊಟ್ಟಿರಲಿಲ್ಲ. ಮುಂಡಗೋಡದ ಡಾಕ್ಟರು ಬೇರೆ ಔಷಧ ಕೊಟ್ಟಿದ್ದಾರೆ, ಗಂಟಲು ಇಳಿಯುತ್ತಿದೆ. ನೀನು ಚಿಂತೆ ಮಾಡಬೇಡ, ಮಾಲವ್ವನನ್ನು ನೋಡಿಕೋ. ಹಳಿಯಾಳದ ಸಂತೆಗೆ ಹೋಗುವ ಲಗಮಪ್ಪನ ಕೈಯಲ್ಲಿ ಪುಡಿಕೆ ಕಳಿಸುತ್ತೇನೆ. ಅತ್ತೆಗೆ ಹೇಳಿಲ್ಲ.

ಶಂಕ್ರವ್ವ


ದಾಂಡೇಲಿ
೧೨ ಸೆಪ್ಟೆಂಬರ್ ೧೯೬೨

ತಂಗಿಗೆ ಆಶೀರ್ವಾದ.

ಲಗಮಪ್ಪ ಪುಡಿಕೆ ಮುಟ್ಟಿಸಿದ. ಮಾಲವ್ವ ಇನ್ನೂ ಹಾಸಿಗೆಯಲ್ಲೇ ಇದ್ದಾಳೆ, ಆರು ವಾರ ಮಲಗಿಯೇ ಇರಬೇಕಂತೆ. ಬಾವು ಇಳಿದಿದೆ. ಎದೆಯ ಸದ್ದು ಇಳಿದಿಲ್ಲ. ಇನ್ನು ಮೇಲೆ ತಿಂಗಳಿಗೊಂದು ಪೆನಿಸಿಲಿನ್ ಸೂಜಿ, ದೊಡ್ಡವಳಾಗುವ ತನಕ. ಒಂದು ತಿಂಗಳು ತಪ್ಪಿ ಗಂಟಲು ಮತ್ತೆ ಕೆಟ್ಟರೆ ಹೃದಯ ಇನ್ನಷ್ಟು ಕೆಡುತ್ತದೆ ಅಂದಿದ್ದಾರೆ. ಕ್ಯಾಲೆಂಡರಿನಲ್ಲಿ ಕೆಂಪು ಸೀಸದ ಕಡ್ಡಿಯಿಂದ ಗುರುತು ಹಾಕಿದ್ದೇನೆ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತೇನೆ.

ಪುಡಿಕೆ ಬಿಚ್ಚಿ ಎಣಿಸಿದೆ. ಇಪ್ಪತ್ತಮೂರು ಇವೆ. ಮಾಲವ್ವಗೂ ಎಣಿಸಲು ಕೊಟ್ಟೆ, ಅವಳೂ ಇಪ್ಪತ್ತಮೂರು ಅಂದಳು. ಲಗಮಪ್ಪನನ್ನು ಕೇಳಿದೆ, ದಾರ ಸುತ್ತಿ ಕಟ್ಟಿದ್ದನ್ನು ಬಿಚ್ಚಿಲ್ಲ ಎಂದು ಆಣೆ ಇಟ್ಟ.

ಚಿಕ್ಕಂದಿನಲ್ಲಿ ನೀನು ಸುಳ್ಳು ಹೇಳಿದರೆ ಸಣ್ಣದಾಗಿ, ಬೇಗ ಬೇಗ ಹೇಳುತ್ತಿದ್ದೆ. ನಿನ್ನ ಹೋದ ಕಾಗದವೂ ಹಾಗೆಯೇ ಇತ್ತು. ಒಂದು ಗುಳಿಗೆ ಎಲ್ಲಿ ಹೋಯಿತು, ಶಂಕ್ರವ್ವ? ನಿಜ ಬರೆ. ಈಶಪ್ಪ ನಿಜವಾಗಿ ಇದ್ದಾನಾ?

ನೀಲಕ್ಕ


ಕೆರೆಕೊಪ್ಪ
೨೫ ಸೆಪ್ಟೆಂಬರ್ ೧೯೬೨

ಅಕ್ಕಾ,

ಇದ್ದಾನೆ. ಮೊದಲು ಅದನ್ನು ಬರೆಯುತ್ತೇನೆ. ನಾನು ಬರೆಯುವಾಗ ಪಕ್ಕದಲ್ಲೇ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಾನೆ.

ಸೋಮವಾರದವರೆಗೆ ಕಾಯುವುದು ನನ್ನ ಕೈಲಿ ಆಗಲಿಲ್ಲ. ಭಾನುವಾರ ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋಗಿದ್ದರು. ಅವನು ಎಂಜಲೂ ನುಂಗದೆ ಸೋರಿಸುತ್ತ ಮಲಗಿದ್ದ. ಜಗಲಿಯಿಂದ ಕದ್ದೆ ಅಕ್ಕಾ, ನಮ್ಮದೇ ದೇವರ ಜಗಲಿಯಿಂದ. ಅರ್ಧವಲ್ಲ, ಬೇಗ ವಾಸಿಯಾಗಲಿ ಎಂದು ಇಡೀ ಗುಳಿಗೆ ಅರೆದು ಚಮಚದಿಂದ ಕುಡಿಸಿದೆ.

ಅರ್ಧ ತಾಸಿನಲ್ಲಿ ಕುತ್ತಿಗೆಯ ಹತ್ತಿರ ಒಂದು ಗಂಧೆ ಎದ್ದಿತು. ನೋಡುತ್ತಿದ್ದಂತೆ ಬೆನ್ನು, ಹೊಟ್ಟೆ, ಅಂಗಾಲು. ಕಣ್ಣು ಬಾತು ಮುಚ್ಚಿಹೋದವು, ತುಟಿ ಉಬ್ಬಿದವು. ಉಸಿರಾಡಿದರೆ ಎದೆಯಲ್ಲಿ ಸೀಟಿಯ ಸದ್ದು. ನಾನು ಕೂಗಿದ್ದಕ್ಕೆ ಅತ್ತೆ ಓಡಿ ಬಂದರು, ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ಇವರು ಗಾಡಿ ಕಟ್ಟಿದರು. ಮುಂಡಗೋಡ ಮುಟ್ಟುವ ತನಕ ಅವನ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ಕೂತಿದ್ದೆ. ಒಮ್ಮೆ ಏನೂ ತಾಗಲಿಲ್ಲ. ಆಗ ನಾನು ಸತ್ತೆ, ಆಮೇಲೆ ಬಿಸಿ ತಾಗಿದಾಗ ಬದುಕಿದೆ.

ಏನು ಕೊಟ್ಟಿದ್ದಿ ಎಂದು ಡಾಕ್ಟರು ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಹೇಳಿದರೆ, ನಿನ್ನ ಅಕ್ಕ ಉಡಿಯಲ್ಲಿ ವಿಷ ಕಟ್ಟಿ ಕಳಿಸಿದಳು ಅನ್ನುತ್ತಾರೆ, ಇನ್ನು ಜನ್ಮಕ್ಕೆ ತವರಿನ ಹೊಸ್ತಿಲು ತುಳಿಯಗೊಡುವುದಿಲ್ಲ. ಹೇಳದಿದ್ದರೆ ಮಗು ಹೋಗುತ್ತದೆ. "ಅತ್ತೀ, ಒಂದೀಟು ನೀರು ತರ್ರಿ" ಎಂದು ಅವರನ್ನು ಹೊರಗೆ ಕಳಿಸಿ ಎಲ್ಲ ಹೇಳಿಬಿಟ್ಟೆ. ಅವರು ತಟ್ಟನೆ ಬೇರೆ ಸೂಜಿ ಹಾಕಿದರು. ನೀನು ಬಾಯಿ ಬಿಡದಿದ್ದರೆ ಇವನು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು.

ಆ ಔಷಧದ ಹೆಸರನ್ನೂ, ಈ ಮಗುವಿಗೆ ಎಂದೂ ಕೊಡಕೂಡದು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು, ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸು ಎಂದರು. ಚೀಟಿ ಕಳೆದೀತು ಎಂದು ತಾಯಿತದಲ್ಲಿ ಹಾಕಿಸಿ ಕೊರಳಿಗೆ ಕಟ್ಟಿದ್ದೇನೆ. ಮಂತ್ರ ಬರೆಸಿದ್ದೇನೆ ಎಂದು ಅತ್ತೆ ನಂಬಿದ್ದಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ, ನಿನ್ನ ಕಾಲು ಹಿಡಿಯುತ್ತೇನೆ. ನನಗೆ ಇರುವುದು ನೀನೊಬ್ಬಳೇ.

ಶಂಕ್ರವ್ವ


ದಾಂಡೇಲಿ
೨ ಜುಲೈ ೧೯೬೩

ಹಿರಿಯರೂ ಶಂಕ್ರವ್ವನ ಅತ್ತೆಯವರೂ ಆದ ಕಾಶೆವ್ವನವರಿಗೆ ನೀಲಕ್ಕನ ಶರಣು ಶರಣಾರ್ಥಿ.

ಈ ಕಾಗದ ನಿಮ್ಮ ಹೆಸರಿಗೇ ಬರೆದಿದ್ದೇನೆ, ಸೋಮಪ್ಪ ಮಾಸ್ತರರಿಂದ ಓದಿಸಿರಿ. ಶಂಕ್ರವ್ವಗೆ ಗೊತ್ತಿಲ್ಲ. ಅವಳು ಬೇಡವೆಂದು ಕಾಲು ಹಿಡಿದಿದ್ದಳು, ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ಪಂಚಮಿ ಹೊತ್ತಿಗೆ ಬಸುರಿ ಶಂಕ್ರವ್ವಗೆ ಏಳು ತಿಂಗಳು ತುಂಬುತ್ತದೆ. ಬಾಣಂತನಕ್ಕೆ ನನ್ನ ಮನೆಗೆ ಬರಬೇಕು, ಈಶಪ್ಪ ನಿಮ್ಮ ಹತ್ತಿರ ಉಳಿಯುತ್ತಾನೆ. ಆಗ ಅವನಿಗೆ ಗಂಟಲು ಬಂದು, ನೀವು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ಸೂಜಿ ತೆಗೆದರೆ ತಡೆಯುವವರು ಯಾರು? ಅವನ ಕೊರಳಿನ ತಾಯಿತದಲ್ಲಿ ಮಂತ್ರವಿಲ್ಲ. ಅವನಿಗೆ ಆಗದ ಔಷಧದ ಹೆಸರಿದೆ. ತಾಯಿತವನ್ನು ಯಾವ ಡಾಕ್ಟರೂ ಬಿಚ್ಚಿ ಓದುವುದಿಲ್ಲ.

ಹೋದ ಶ್ರಾವಣದಲ್ಲಿ ಅವನಿಗೆ ಎದ್ದದ್ದು ಪಿತ್ತವಲ್ಲ, ದೃಷ್ಟಿಯಲ್ಲ. ನಾನು ಉಡಿಯಲ್ಲಿ ಕಟ್ಟಿದ ಗುಳಿಗೆ. ಶಂಕ್ರವ್ವ ಒಂದು ಕೊಟ್ಟಳು, ನಾನು ಕೊಡು ಎಂದಿದ್ದಕ್ಕೆ ಕೊಟ್ಟಳು. ತಪ್ಪು ಪೂರಾ ನನ್ನದು. ಅದರ ಫಲ ನನ್ನ ಮನೆಯಲ್ಲೂ ಇದೆ. ಮಾಲವ್ವ ಓಡುವ ಹಾಗಿಲ್ಲ, ಈ ಪಂಚಮಿಗೆ ಜೋಕಾಲಿ ಆಡುವ ಹಾಗಿಲ್ಲ. ಅವಳಿಗೆ ತಪ್ಪದೆ ಬೇಕಾದ ಔಷಧವೇ ನಿಮ್ಮ ಮೊಮ್ಮಗನಿಗೆ ಮುಟ್ಟಬಾರದ ಔಷಧ.

ಇನ್ನು ಮೇಲೆ ಶಂಕ್ರವ್ವನನ್ನು ನನ್ನ ಮನೆಗೆ ಕಳಿಸಬಾರದು ಎಂದು ನಿಮಗೆ ಅನ್ನಿಸಿದರೆ ಕಳಿಸಬೇಡಿರಿ. ನಾನು ಅತ್ತು ಸುಮ್ಮನಾಗುತ್ತೇನೆ. ಆದರೆ ತಾಯಿತ ಬಿಚ್ಚಿ ಓದಿಸಿರಿ, ಹೆಸರು ಕಲಿಯಿರಿ. ಅವಳನ್ನು ಬೈಯಬೇಡಿರಿ.

ನೀಲಕ್ಕ


ಕೆರೆಕೊಪ್ಪ
೧೨ ಜುಲೈ ೧೯೬೩

ನೀಲಕ್ಕಗ ಕಾಶೆವ್ವ ಹೇಳಿ ಬರಸಿದ್ದು. ಹೇಳಿದ್ದನ್ನ ಹೇಳಿದಂಗ ಬರಿ, ತಿದ್ದಬ್ಯಾಡ ಅಂತ ಸೋಮಪ್ಪ ಮಾಸ್ತರಗ ಅಂದೇನಿ.

ನಿನ್ನ ಕಾಗದ ಎರಡ ಸರ್ತಿ ಓದಿಸಿ ಕೇಳಿದೆ. ಇದರಾಗ ನನಗ ಹೊಸಾದ್ದು ಏನೂ ಇಲ್ಲ. ಅವತ್ತ ಮುಂಡಗೋಡದಾಗ ನೀರು ತರ್ರಿ ಅಂತ ನಿನ್ನ ತಂಗಿ ನನ್ನ ಹೊರಗ ಕಳಿಸಿದ್ಲು. ಚರಿಗಿ ತುಂಬ್ಕೊಂಡ ಬಂದು ಬಾಗಲ ಹಿಂದ ನಿಂತಿದ್ದೆ. ಎಲ್ಲಾ ಕೇಳಿದೆ.

ಯಾಕ ಬಾಯಿ ಬಿಡಲಿಲ್ಲ ಅಂದ್ರ, ಅದಕ್ಕ ಹಿಂದಿನ ವರ್ಷ ಸೂಜಿ ಹಾಕಿಸಿದಾಗ ಕೂಸಿನ ತುಟಿ ಬಾತಿದ್ವು. ಗಾಡಿ ತಿರುಗಸೂಣು ಅಂತ ಆಕಿ ಅತ್ತಳು. ಪಿತ್ತ ಅಂತ ಗಾಡಿ ಮುಂದ ಹೊಡಸಿದಾಕಿ ನಾನು. ಅವತ್ತ ತಿರುಗಿಸಿದ್ರ ಡಾಕ್ಟರು ಅವತ್ತ ಹೇಳತಿದ್ರು, ನಿನ್ನ ಗುಳಿಗಿ ಜಗಲಿ ಏರತಿರಲಿಲ್ಲ. ಸೊಸಿನ್ನ ಬೈಯೂದಕ್ಕ ನನಗ ಬಾಯಿ ಎಲ್ಲೈತಿ? ಆಕಿ ಮುಚ್ಚಿಟ್ಲು, ನಾನೂ ಮುಚ್ಚಿಟ್ಟೆ. ಒಂದ ಒಲಿ ಮುಂದ ಕುಂತು ಇಬ್ಬರೂ ಹೆದರಿಕೊಂತ ರೊಟ್ಟಿ ಬಡದೇವಿ.

ನಿನ್ನಿ ಆಕಿನ್ನ ಮುಂದ ಕುಂಡ್ರಿಸ್ಕೊಂಡು ತಾಯಿತ ಬಿಚ್ಚಿಸಿದೆ. ಆಕಿ ಅತ್ತಳು, ನಾನೂ ಅತ್ತೆ. ಈಶ್ಯಾ ಹೆಸರ ಕಲತಾನ. ಸಂಜಿ ಮುಂದ ದೀಪಾ ಹಚ್ಚಿದ ಮ್ಯಾಲ ನನಗ ಪೆನಿಸಿಲಿನ್ ಬ್ಯಾಡ ಅಂತ ದಿನಾ ಹೇಳಸ್ತೇನಿ. ನನ್ನ ನಾಲಿಗಿ ಹೊಳ್ಳವಲ್ದು, ಅವಾ ತಿದ್ದತಾನ. ಆದರೂ ಅವ ಮಕ್ಕೊಂಡಾಗ ಮೂಗಿನ ಹಂತ್ಯಾಕ ಕೈ ಹಿಡದು ನೋಡೂದು ನನಗ ಇನ್ನೂ ಬಿಟ್ಟಿಲ್ಲ.

ಪಂಚಮಿಗೆ ಶಂಕ್ರವ್ವನ್ನ ನಾನ ಕರಕೊಂಡ ಬರ್ತೇನಿ. ಉಡ್ಯಾಗ ಅಕ್ಕಿ ಕೊಬ್ಬರಿ ಸಾಕು. ಮಾಲವ್ವ ಜೋಕಾಲಿ ಆಡಬಾರದಂದ್ರ ಈ ವರ್ಷ ತೊಲಿಗೆ ಹಗ್ಗಾ ಕಟ್ಟಬ್ಯಾಡ, ಯಾರೂ ಆಡೂದು ಬ್ಯಾಡ.

ಇಷ್ಟುದ್ದ ಕಾಗದ ಬರದಿ, ಮಾಲವ್ವಗ ಈ ತಿಂಗಳ ಸೂಜಿ ಆತೋ ಇಲ್ಲೋ ಅನ್ನೂದನ್ನ ಬರದಿಲ್ಲ. ಆತು ಅಂತ ಒಂದ ಕಾರ್ಡ ಹಾಕು.

ಕಾಶೆವ್ವನ ಹೆಬ್ಬೆಟ್ಟು